ಕಿಮ್ಮತ್ತು, ಟಪಾಲು, ಭರವಸೆ

ಹುಬ್ಬಳ್ಳಿಯ ಕೇಶ್ವಾಪುರ ರೈಲಿನ ಮಗ್ಗುಲಲ್ಲಿ ಬೆಳೆದ ಭಾಗ. ಒಂದು ಬದಿಗೆ ಜಂಕ್ಷನ್ನು, ಆಸುಪಾಸಿನಲ್ಲಿ ರೈಲ್ವೆ ನೌಕರರ ಕ್ವಾರ್ಟರ್ಸುಗಳು, ಗದಗ ರಸ್ತೆಯ ಮೇಲೆ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯಾದ ರೈಲ್ ಸೌಧ. ಈ ನೆಲಕ್ಕೆ ಹಳಿ ಬಂದದ್ದು 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಾಲದಲ್ಲಿ. 1876-78ರ ಭೀಕರ ಬರಗಾಲದ ತರುವಾಯ, ಮತ್ತೊಮ್ಮೆ ಅಂಥ ಕಾಲ ಬಂದರೆ ಕಾಳು ಸಾಗಿಸಲು ದಾರಿಯಿರಲಿ ಎಂದು ಯೋಜಿಸಿದ ಮಾರ್ಗವದು. ಸುಗ್ಗಿಯ ದಿನಗಳಲ್ಲಿ ಅರಳೆ ಅಂಡಿಗೆಗಳನ್ನು ಹೊತ್ತೊಯ್ಯುವ ಲಾಭವೂ ಅದಕ್ಕಿತ್ತು. ಕಾಳು, ಅರಳೆಗಳ ಜೊತೆಗೆ ಆ ಗಾಡಿಗಳಲ್ಲಿ ಟಪಾಲಿನ ಚೀಲಗಳೂ ಓಡಾಡಿದವು, ಆ ಚೀಲಗಳಲ್ಲಿ ಕನ್ನಡದ ಹೊಸ ಕಾದಂಬರಿಗಳೂ ಅವುಗಳ ಸುದ್ದಿ ಹೊತ್ತ ಪತ್ರಿಕೆಗಳೂ ಇದ್ದವು. ಕನ್ನಡ ಕಾದಂಬರಿಯ ಆರಂಭವನ್ನು ನಾವು ಸಾಮಾನ್ಯವಾಗಿ ಬರೆದವರ ಕಡೆಯಿಂದ ಹೇಳುತ್ತೇವೆ: ಯಾರು ಮೊದಲು ಬರೆದರು, ಯಾವುದು ಅನುವಾದ, ಯಾವುದು ಸ್ವತಂತ್ರ. ಹಳಿಯ ಪಕ್ಕದಲ್ಲಿ ನಿಂತು ನೋಡಿದರೆ ಏಳುವ ಪ್ರಶ್ನೆಯೇ ಬೇರೆ. ಧಾರವಾಡದಲ್ಲೋ ಮಂಗಳೂರಿನಲ್ಲೋ ಅಚ್ಚಾದ ಒಂದು ಕಥೆಯ ಪುಸ್ತಕ, ಅದರ ಹೆಸರನ್ನೇ ಕೇಳದ ಒಬ್ಬ ಗುಮಾಸ್ತನ ಮನೆಗೆ ಏಕೆ ಬರಬೇಕು? ಅವನು ಗಂಟಿನ ರೂಪಾಯಿಯನ್ನು ಏಕೆ ಬಿಚ್ಚಬೇಕು?

ಈ ಪ್ರಶ್ನೆಗೆ ಅಂದಿನವರು ಕೊಟ್ಟ ಉತ್ತರವೇ ಜಾಹೀರಾತು. ಆ ಮಾತೇ ಮರಾಠಿಯ ದಾರಿಯಿಂದ ನಮಗೆ ಬಂದದ್ದು. ಜಾಹೀರು ಮಾಡುವುದು ಎಂದರೆ ಹತ್ತು ಜನರಿಗೆ ಬಹಿರಂಗವಾಗಿ ತಿಳಿಸುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಪುಸ್ತಕ ಜಾಹೀರಾತು ಮಾಡುತ್ತಿದ್ದದ್ದೂ ಬಹುಮಟ್ಟಿಗೆ ಅಷ್ಟನ್ನೇ. ಚಿತ್ರವಿಲ್ಲ, ಘೋಷಣೆಯಿಲ್ಲ. ಪುಸ್ತಕದ ಹೆಸರು, ಬರೆದವರ ಹೆಸರು, ಕಿಮ್ಮತ್ತು, ಟಪಾಲು ಖರ್ಚು, ಸಿಗುವ ವಿಳಾಸ, ಜೊತೆಗೆ ಒಂದೆರಡು ಮಾತು ಶಿಫಾರಸು. ಈ ಒಣ ಪಟ್ಟಿಗೆ ಸರ್ಕಾರಿ ದಫ್ತರದಲ್ಲೊಂದು ಜೋಡಿಯಿತ್ತು. 1867ರ 25ನೆಯ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿಯೊಂದು ಪುಸ್ತಕದ ಹೆಸರು, ಭಾಷೆ, ವಿಷಯ, ಕರ್ತೃ, ಮುದ್ರಕ, ಪುಟ, ಆಕಾರ, ಆವೃತ್ತಿ, ಪ್ರತಿಗಳ ಸಂಖ್ಯೆ, ಬೆಲೆ ಇವೆಲ್ಲ ದಾಖಲಾಗಿ ಮೂರು ತಿಂಗಳಿಗೊಮ್ಮೆ ಗ್ಯಾಝೆಟ್ಟಿನಲ್ಲಿ ಹೊರಬೀಳಬೇಕಿತ್ತು. ಒಂದು ಸರ್ಕಾರದ ಕಣ್ಣಿಗೆ, ಇನ್ನೊಂದು ಗಿರಾಕಿಯ ಕಣ್ಣಿಗೆ. ಎರಡರ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಹಾಗಾಗಿ ಆ ಕಾಲದ ಜಾಹೀರಾತು ಜಾಹೀರಾತೇ ಅಲ್ಲ, ಬರೀ ಪ್ರಕಟಣೆ ಎಂದು ತಳ್ಳಿಹಾಕುವುದು ಸುಲಭ. ನನ್ನ ವಾದ ಇದಕ್ಕೆ ಎದುರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಕಾದಂಬರಿಯ ಜಾಹೀರಾತು ಬಹಳ ಜಾಣತನದ ಕೆಲಸವನ್ನೇ ಮಾಡಿತು. ಆದರೆ ಅದರ ಮೊದಲ ಗುರಿ ಓದುಗನಲ್ಲಿ ಆಸೆ ಹುಟ್ಟಿಸುವುದಲ್ಲ, ಅವನ ಅಂಜಿಕೆ ಕಳೆಯುವುದಾಗಿತ್ತು. ಅಂಜಿಕೆಗಳು ಮೂರು: ಕಥೆ ಓದಿದರೆ ಮನೆಮಂದಿ ಕೆಟ್ಟಾರು, ಕನ್ನಡದಲ್ಲಿ ಓದುವಂಥದ್ದೇನಿದ್ದೀತು, ದುಡ್ಡು ಕಳಿಸಿದರೆ ಪುಸ್ತಕ ಬಂದೀತೇ.

ಇಂಗ್ಲೆಂಡಿನೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಡಿಕನ್ಸ್‌ನ ಮೊದಲ ಕಾದಂಬರಿ 1836-37ರಲ್ಲಿ ತಿಂಗಳ ಕಂತುಗಳಾಗಿ ಬಂದಾಗಲೇ ಕಂತಿನ ಹೊದಿಕೆಯೊಳಗೆ ಜಾಹೀರಾತಿನ ಹಾಳೆಗಳು ಸೇರಿಕೊಂಡಿದ್ದವು. ಶತಮಾನದ ಬಹುಭಾಗ ಕಾದಂಬರಿ ಮೂರು ಸಂಪುಟಗಳಲ್ಲಿ, ಮೂವತ್ತೊಂದೂವರೆ ಶಿಲಿಂಗ್ ಬೆಲೆಗೆ ಬರುತ್ತಿತ್ತು. ಅದನ್ನು ಕೊಳ್ಳುವವರಿಗಿಂತ ಮ್ಯೂಡಿಯಂಥ ಬಾಡಿಗೆ ಗ್ರಂಥಾಲಯಗಳಿಂದ ತಂದು ಓದುವವರೇ ಹೆಚ್ಚು. 1894ರಲ್ಲಿ ಆ ಗ್ರಂಥಾಲಯಗಳೇ ಮೂರು ಸಂಪುಟಗಳ ಪದ್ಧತಿಗೆ ಬೆನ್ನು ತಿರುಗಿಸಿದಾಗ ಅದು ಕೆಲವೇ ವರ್ಷಗಳಲ್ಲಿ ಕುಸಿಯಿತು. ಅಂದರೆ ಅಲ್ಲಿನ ಜಾಹೀರಾತಿನ ಎದುರಿಗಿದ್ದದ್ದು ಕಾದಂಬರಿ ಓದುವ ಚಟವನ್ನು ಆಗಲೇ ಬೆಳೆಸಿಕೊಂಡಿದ್ದ ಸಮಾಜ. ಇದನ್ನು ಓದು, ಅದನ್ನಲ್ಲ ಎಂದರೆ ಸಾಕಾಗುತ್ತಿತ್ತು. ನಮ್ಮಲ್ಲಿ? 1901ರ ಜನಗಣತಿಯಲ್ಲಿ ಹುಬ್ಬಳ್ಳಿಯ ಜನಸಂಖ್ಯೆ ಸುಮಾರು 60 ಸಾವಿರ, ಧಾರವಾಡದ್ದು 31 ಸಾವಿರ. ಆ ಗಣತಿಯ ಪ್ರಕಾರ ಇಡೀ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐದಾರು ಮಂದಿ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಪೇಟೆಯ ಊರುಗಳಲ್ಲಿ ಈ ಪ್ರಮಾಣ ಹೆಚ್ಚೇ ಇದ್ದೀತು. ಆದರೂ ಅಕ್ಷರ ಬಲ್ಲ ವ್ಯಾಪಾರಿ ಓದುತ್ತಿದ್ದದ್ದು ಖಾತೆ-ಕಿರ್ದಿ, ವೈದಿಕ ಓದುತ್ತಿದ್ದದ್ದು ಪೋಥಿ, ಮಾಸ್ತರ ಓದುತ್ತಿದ್ದದ್ದು ಪಠ್ಯ. ಕಥೆಗಾಗಿಯೇ ಕಥೆ ಓದುವ ಅಭ್ಯಾಸವನ್ನು ಇವರಲ್ಲಿ ಹೊಸದಾಗಿ ಹಚ್ಚಬೇಕಿತ್ತು.

ಮೊದಲ ಅಂಜಿಕೆಗೆ ಕೊಟ್ಟ ಮೊದಲ ಉತ್ತರ ಆ ಪ್ರಕಾರದ ಹೆಸರಿನಲ್ಲೇ ಇದೆ. ಬಂಗಾಳಿಗಳು ಈ ಹೊಸ ಸರಕನ್ನು ಉಪನ್ಯಾಸವೆಂದರು, ಗುಜರಾತಿಗಳು ನವಲಕಥೆಯೆಂದರು. ಮರಾಠಿಗರು ಕಾದಂಬರಿ ಎಂದರು, ನಾವು ಅವರಿಂದ ಅದನ್ನು ತೆಗೆದುಕೊಂಡೆವು. ಬಾಣಭಟ್ಟನ ಕೃತಿಯ ಹೆಸರು ಒಂದು ಇಡೀ ಜಾತಿಯ ಪುಸ್ತಕಗಳಿಗೆ ಹೆಸರಾಯಿತು. ಕನ್ನಡದಲ್ಲಿ ಈ ಹೆಸರಿಗೆ ಇನ್ನೂ ಒಂದು ಬಲವಿತ್ತು: ನಾಗವರ್ಮನ ಕರ್ಣಾಟಕ ಕಾದಂಬರಿ ಹಳಗನ್ನಡದ ಮಾನ್ಯ ಕಾವ್ಯ, ಹತ್ತೊಂಬತ್ತನೆಯ ಶತಮಾನದಲ್ಲೇ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕೃತಿಯನ್ನು ಕನ್ನಡ ಗದ್ಯಕ್ಕೆ ತಂದಿದ್ದರು. ಹೀಗಾಗಿ ಜಾಹೀರಾತಿನಲ್ಲಿ ‘ಕಾದಂಬರಿ’ ಎಂಬ ನಾಲ್ಕಕ್ಷರ ಬಿದ್ದ ಕ್ಷಣವೇ ಹೊಸ ಪುಸ್ತಕಕ್ಕೆ ಹಳೆಯ ಮನೆತನವೊಂದು ದೊರೆಯುತ್ತಿತ್ತು. ಇದನ್ನು ಯಾವ ಪ್ರಕಾಶಕನೂ ಕೂತು ಹೊಂಚಿದ್ದಲ್ಲ, ನಿಜ. ಆದರೆ ‘ನಾವೆಲ್’ ಎಂದರೆ ಹುಬ್ಬೇರಿಸುವ ಹಿರಿಯರು ‘ಕಾದಂಬರಿ’ ಎಂದಾಗ ಅರೆಕ್ಷಣ ತಡೆಯುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಮಾರುವವನಿಗೆ ಬೇಕಾದದ್ದು ಆ ಅರೆಕ್ಷಣವೇ.

ಎರಡನೆಯ ಉತ್ತರ ಮುಖಪುಟದ ಮೇಲಿತ್ತು. ಗುಲ್ವಾಡಿ ವೆಂಕಟರಾಯರ 1899ರ ಕೃತಿಯ ಪೂರ್ತಿ ಹೆಸರು ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಈ ಪುಸ್ತಕದ ನಾಯಕಿ ಎಳೆವಯಸ್ಸಿನ ವಿಧವೆ. ಅವಳು ಮನೆಯಿಂದ ಹೊರಬಿದ್ದು ವಿದ್ಯೆ ಕಲಿತು ಮತ್ತೆ ಮದುವೆಯಾಗುತ್ತಾಳೆ. ಆ ಕಾಲದ ಮನೆಯ ಪಡಸಾಲೆಯಲ್ಲಿ ಬಹಿರಂಗವಾಗಿ ಇಡಬಹುದಾದ ಕಥೆಯಲ್ಲ ಅದು. ‘ಅಥವಾ’ ಎಂಬ ಆ ಒಂದು ಪದ ಎರಡು ಬಗೆಯ ಗಿರಾಕಿಗಳ ನಡುವಿನ ಬಾಗಿಲು. ಹೆಣ್ಣಿನ ಹೆಸರು ಕೇಳಿ ಕುತೂಹಲಗೊಂಡವನು ಎಡಬದಿಯಿಂದ ಒಳಗೆ ಬರುತ್ತಾನೆ, ಧರ್ಮದ ಹೆಸರಿಲ್ಲದೆ ದುಡ್ಡು ಬಿಚ್ಚದವನು ಬಲಬದಿಯಿಂದ ಬರುತ್ತಾನೆ. ಇಬ್ಬರೂ ಕೊಳ್ಳುವುದು ಒಂದೇ ಪುಸ್ತಕ. ಪತ್ರಿಕೆಯ ಎರಡು ಗೆರೆಯ ಜಾಗದಲ್ಲಿ ಕಥೆಯ ಸಾರ ಹೇಳಲಾಗದು, ಆದರೆ ಇಂಥ ಹೆಸರನ್ನು ಅಚ್ಚು ಹಾಕಿದರೆ ಸಾಕು, ವಕಾಲತ್ತೂ ಅದರಲ್ಲೇ ಮುಗಿಯುತ್ತದೆ. ಪತ್ರಿಕೆಗಳ ಹೆಸರುಗಳನ್ನೂ ಹೀಗೇ ಓದಬಹುದು. ಬಂಕಿಮಚಂದ್ರರ ದುರ್ಗೇಶನಂದಿನಿಯನ್ನು 1885ರಲ್ಲಿ ಕನ್ನಡಕ್ಕೆ ತಂದ ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ತಮ್ಮ ಪತ್ರಿಕೆಗೆ ‘ಅವಕಾಶತೋಷಿಣಿ’ ಎಂದು ಹೆಸರಿಟ್ಟರು: ಬಿಡುವಿನ ವೇಳೆಯನ್ನು ಸಂತೋಷಪಡಿಸುವವಳು. ಉತ್ತರದ ಕಡೆ 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ, ಗಳಗನಾಥರ ಕಾದಂಬರಿಗಳಿಗೆ ಮನೆಯಾದ ಮಾಸಪತ್ರಿಕೆಯ ಹೆಸರು ‘ಸದ್ಬೋಧಚಂದ್ರಿಕೆ’. ಕಥೆ ಎರಡರಲ್ಲೂ ಕಥೆಯೇ. ಅಲ್ಲಿ ಅದು ಬಿಡುವಿನ ಹೆಸರಿನಲ್ಲಿ ಒಳಗೆ ಬಂತು, ಇಲ್ಲಿ ಒಳ್ಳೆಯ ಬೋಧನೆಯ ಹೆಸರಿನಲ್ಲಿ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಆ ಬರಹಗಾರರು ನೀತಿಯನ್ನು ನಿಜವಾಗಿ ನಂಬಿದ್ದವರು. ಗಳಗನಾಥರು ಆ ಆನಂದವನದ ಶೇಷಾಚಲ ಸದ್ಗುರುಗಳ ಸನ್ನಿಧಿಯಲ್ಲಿ ಸೇವೆಯೆಂದು ಬರೆದವರು. ಅದನ್ನು ವ್ಯಾಪಾರದ ಉಪಾಯವೆಂದು ಬಗೆಯುವುದು ಇಂದಿನ ಸಂಶಯವನ್ನು ಅಂದಿನವರ ಮೇಲೆ ಹೇರಿದಂತಲ್ಲವೇ? ಅವರ ಪ್ರಾಮಾಣಿಕತೆಯ ಬಗ್ಗೆ ನನಗೂ ಸಂಶಯವಿಲ್ಲ. ಆದರೆ ನಂಬಿಕೆಯೂ ಉಪಾಯವೂ ಒಂದೇ ವಾಕ್ಯದಲ್ಲಿ ಕೂಡಿಬಾಳಬಲ್ಲವು. ನೀತಿ ಕಥೆಯ ಒಳಗೆ ಮಾತ್ರ ಇದ್ದಿದ್ದರೆ ಅದು ಲೇಖಕನ ನಂಬಿಕೆ ಎಂದಷ್ಟೇ ಹೇಳಬಹುದಿತ್ತು. ಅದು ಹೆಸರಿನಲ್ಲಿ, ಮುಖಪುಟದಲ್ಲಿ, ಪತ್ರಿಕೆಯ ಹಣೆಯ ಮೇಲೆ, ಅಂದರೆ ಇನ್ನೂ ಕೊಳ್ಳದವನ ಕಣ್ಣಿಗೆ ಬೀಳುವ ಜಾಗದಲ್ಲೇ ಕೂತಿದೆ. ಓದಿದವನಿಗೆ ಹೇಳುವ ಮಾತು ಒಂದು, ಓದಬೇಕಾದವನಿಗೆ ಹೇಳುವ ಮಾತು ಇನ್ನೊಂದು, ಇದು ಎರಡನೆಯದು. ದೇವರ ಗುಡಿಯ ಮುಂದಿನ ಹೂವಿನವಳು ಭಕ್ತೆಯೂ ಹೌದು, ವ್ಯಾಪಾರಿಯೂ ಹೌದು. ಅವಳ ಭಕ್ತಿಯನ್ನು ಸಂಶಯಿಸದೆಯೇ ಅವಳು ಗುಡಿಯ ಮುಂದೆಯೇ ಏಕೆ ಕೂತಳು ಎಂದು ಕೇಳಬಹುದು.

ಎರಡನೆಯ ಅಂಜಿಕೆ ಈ ನಾಡಿನ ರಾಜಕೀಯದಿಂದ ಬಂದದ್ದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಯಲ್ಲಿದ್ದವು; ಕಚೇರಿಯಲ್ಲಿ, ಶಾಲೆಯಲ್ಲಿ, ಓದಿದವರ ಹರಟೆಯಲ್ಲಿ ಮರಾಠಿಯ ಠೀವಿ ಬಹಳವಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಬಡಿದಾಡಿದ್ದು, ವೆಂಕಟ ರಂಗೋ ಕಟ್ಟಿಯವರು ಗದ್ಯದ ಬೆಳೆ ತೆಗೆದದ್ದು ಈ ನೆಲದಲ್ಲೇ. ಕಥೆ ಓದುವ ರುಚಿಯಿದ್ದವನಿಗೆ ಮರಾಠಿಯಲ್ಲಿ ಸರಕು ಸಿದ್ಧವಾಗಿತ್ತು: ಹರಿ ನಾರಾಯಣ ಆಪಟೆಯವರು 1890ರಲ್ಲಿ ಪುಣೆಯಲ್ಲಿ ಆರಂಭಿಸಿದ ವಾರಪತ್ರಿಕೆ ‘ಕರಮಣೂಕ’ ಮನರಂಜನೆ ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡು ಅವರ ಕಾದಂಬರಿಗಳನ್ನು ಕಂತುಕಂತಾಗಿ ಕೊಡುತ್ತಿತ್ತು. ಪುಣೆಯಿಂದ ಹುಬ್ಬಳ್ಳಿಗೆ ಹಳಿ ಕೂಡಿದ ಮೇಲೆ ಅದು ಇಲ್ಲಿಗೆ ಬರುವುದೂ ಸಲೀಸು. ರೈಲು ಕನ್ನಡ ಪುಸ್ತಕಕ್ಕೆ ದಾರಿ ಕೊಟ್ಟದ್ದು ಹೌದಾದರೂ ಮೊದಲು ದಾರಿ ಕೊಟ್ಟದ್ದು ಅದರ ಎದುರಾಳಿಗೆ. ಹೀಗಿರುವಾಗ ಕನ್ನಡದ ಜಾಹೀರಾತು ತನ್ನ ಪುಸ್ತಕದ ಗುಣವನ್ನು ಹೊಗಳಿದರಷ್ಟೇ ಸಾಲದು, ಆ ಭಾಷೆಯಲ್ಲಿ ಪುಸ್ತಕ ಕೊಳ್ಳುವುದು ಮರ್ಯಾದೆಯ ಕೆಲಸ ಎಂದೂ ಒಪ್ಪಿಸಬೇಕಿತ್ತು.

ಅದಕ್ಕೆ ಒದಗಿದ್ದು ಸಂಸ್ಥೆಯ ಮುದ್ರೆ. 1890ರ ಜುಲೈ 20ರಂದು ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1896ರಲ್ಲಿ ಅದರ ಪತ್ರಿಕೆ ‘ವಾಗ್ಭೂಷಣ’ ಹೊರಟಿತು. ಸಂಘ ಪುಸ್ತಕಗಳನ್ನು ಬರೆಯಿಸಿತು, ಅಚ್ಚು ಹಾಕಿಸಿತು, ಬರೆದವರಿಗೆ ಬಹುಮಾನ ಕೊಟ್ಟಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಸಿಕ್ಕದ್ದು ಈ ಸಂಘದ ಬಹುಮಾನವೇ. ಕನ್ನಡ ಶಾಲೆಯ ಮಾಸ್ತರರೊಬ್ಬರು ಬರೆದ ಮೊದಲ ಕಥೆ ಯಾರಿಗೂ ಗೊತ್ತಿಲ್ಲದ ಸರಕು. ಸಂಘದ ಬಹುಮಾನ ಪಡೆದದ್ದು ಎಂದರೆ ಅದಕ್ಕೊಂದು ಜಾಮೀನು ಸಿಕ್ಕಂತೆ. ಬಹುಮಾನದ ಹಣ ಲೇಖಕನಿಗೆ, ಬಹುಮಾನದ ಸುದ್ದಿ ಪುಸ್ತಕಕ್ಕೆ. ಮೈಸೂರಿನಲ್ಲಿ ಅರಮನೆಯ ಹೆಸರಿಗಿದ್ದ ತೂಕ ಇಲ್ಲಿ ಸಂಘದ ಹೆಸರಿಗೆ ಬಂತು. ಇದೇ ದಾರಿ ಮುಂದೆ ಎಷ್ಟು ದೂರ ಹೋಯಿತೆಂಬುದಕ್ಕೆ ಗಳಗನಾಥರದೇ ಒಂದು ಹೆಸರು ಸಾಕ್ಷಿ. ವಿಜಯನಗರದ ಪತನವನ್ನು ಕುರಿತು ಆಪಟೆಯವರು ಬರೆದ ಕಾದಂಬರಿಯ ಹೆಸರು ‘ವಜ್ರಾಘಾತ’, ಅಂದರೆ ಸಿಡಿಲಿನ ಹೊಡೆತ. ಗಳಗನಾಥರು ಅದನ್ನು ಕನ್ನಡಕ್ಕೆ ತಂದಾಗ ಅದು ‘ಕನ್ನಡಿಗರ ಕರ್ಮಕಥೆ’ ಆಯಿತು. ಮೂಲದ ಹೆಸರು ಘಟನೆಯನ್ನು ಹೇಳುತ್ತದೆ; ಕನ್ನಡದ ಹೆಸರು ಓದುಗನನ್ನೇ ಹೆಸರುಗೊಂಡು ಕರೆಯುತ್ತದೆ. ಪುಸ್ತಕದ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದವನಿಗೆ ಇದು ಯಾರೋ ಬರೆದ ಯಾವುದೋ ಕಥೆಯಲ್ಲ, ನಿನ್ನ ಮನೆಯ ಸಂಗತಿ ಎಂದು ಹೇಳುವ ಹೆಸರು. ಇದಕ್ಕಿಂತ ಚಿಕ್ಕ, ಇದಕ್ಕಿಂತ ಬಲವಾದ ಜಾಹೀರಾತನ್ನು ಆ ಕಾಲದ ಕನ್ನಡದಲ್ಲಿ ತೋರಿಸುವುದು ಕಷ್ಟ.

ಮೂರನೆಯ ಅಂಜಿಕೆ ದುಡ್ಡಿನದು, ಮತ್ತು ಅದು ಇಬ್ಬದಿಯದು. ಗಿರಾಕಿಗೆ ಪುಸ್ತಕ ಬರುತ್ತದೋ ಇಲ್ಲವೋ ಎಂಬ ಅಂಜಿಕೆ, ಪ್ರಕಾಶಕನಿಗೆ ದುಡ್ಡು ಬರುತ್ತದೋ ಇಲ್ಲವೋ ಎಂಬ ಅಂಜಿಕೆ. ಪುಸ್ತಕದಂಗಡಿ ಎಂಬುದು ಕೆಲವೇ ಊರುಗಳಲ್ಲಿದ್ದ ಕಾಲದಲ್ಲಿ ಇದನ್ನು ಬಿಡಿಸಿದ್ದು ಟಪಾಲು ಇಲಾಖೆ. 1877ರಲ್ಲಿ ವ್ಯಾಲ್ಯೂ ಪೇಯಬಲ್ ಪದ್ಧತಿ ಬಂತು. ನಮ್ಮ ಬಾಯಲ್ಲಿ ಅದು ವ್ಹಿ.ಪಿ. ಪುಸ್ತಕದ ಕಟ್ಟನ್ನು ಟಪಾಲಿನವನು ಮನೆಗೆ ತರುತ್ತಾನೆ, ಹಣ ಎಣಿಸಿಕೊಂಡು ಕಟ್ಟು ಕೊಡುತ್ತಾನೆ, ಆ ಹಣ ಕಳಿಸಿದವನಿಗೆ ಮುಟ್ಟುತ್ತದೆ. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂತು. 1880ರಲ್ಲಿ ಮನಿಯಾರ್ಡರ್ ಟಪಾಲಿನ ಕೈಗೆ ಬಂತು. ಮೂರು ವರ್ಷಗಳಲ್ಲಿ ಬಂದ ಈ ಮೂರು ಸವಲತ್ತುಗಳನ್ನು ಕೂಡಿಸಿ ನೋಡಿ: ಪುಸ್ತಕ ಬೇಕೆಂದು ತಿಳಿಸಲು ಕಾಲಾಣೆ, ಕೈಗೆ ಬಂದ ಮೇಲೆ ಬೆಲೆ, ಮುಂಗಡ ಕಳಿಸುವ ಮನಸ್ಸಿದ್ದರೆ ಮನಿಯಾರ್ಡರ್. ಜಾಹೀರಾತಿನ ಕೊನೆಯ ಗೆರೆಯಲ್ಲಿರುತ್ತಿದ್ದ ಟಪಾಲು ಖರ್ಚು, ವ್ಹಿ.ಪಿ., ವಿಳಾಸ ಎಂಬ ನೀರಸ ಮಾತುಗಳು ನನ್ನ ಕಣ್ಣಿಗೆ ಅದರ ಅತ್ಯಂತ ಮುಖ್ಯವಾದ ಭಾಗ. ಮೇಲಿನ ಗೆರೆಗಳು ಪುಸ್ತಕವನ್ನು ನಂಬು ಎನ್ನುತ್ತವೆ. ಕೊನೆಯ ಗೆರೆ, ನನ್ನನ್ನು ನಂಬಬೇಡ, ಸರ್ಕಾರದ ಟಪಾಲನ್ನು ನಂಬು ಎನ್ನುತ್ತದೆ. ಹಳ್ಳಿಗಳಲ್ಲಿ ಶಾಲೆಯ ಮಾಸ್ತರರಿಗೇ ಶಾಖಾ ಟಪಾಲು ಕಚೇರಿಯ ಕೆಲಸವನ್ನೂ ವಹಿಸುವ ಪದ್ಧತಿ ಇತ್ತು. ಹಾಗಿದ್ದಲ್ಲಿ ಊರಿಗೆ ಬಂದ ಪತ್ರಿಕೆಯನ್ನು ಮೊದಲು ಮುಟ್ಟುವವನೂ, ಅದನ್ನು ಓದಬಲ್ಲವನೂ, ಓದಿ ನಾಲ್ಕು ಜನರಿಗೆ ಹೇಳುವವನೂ ಒಬ್ಬನೇ ಆಗುತ್ತಿದ್ದ.

ಆದರೆ ವ್ಹಿ.ಪಿ. ಗಿರಾಕಿಯ ಅಂಜಿಕೆಯನ್ನು ಕಳೆದಷ್ಟು ಪ್ರಕಾಶಕನ ಅಂಜಿಕೆಯನ್ನು ಕಳೆಯಲಿಲ್ಲ. ಕಾರ್ಡು ಬರೆದು ತರಿಸಿಕೊಂಡವನೇ ಬಾಗಿಲಲ್ಲಿ ನಿಂತು ಬೇಡವೆಂದರೆ ಕಟ್ಟು ತಿರುಗಿ ಬರುತ್ತದೆ, ಹೋಗಿಬಂದ ಖರ್ಚು ಕಳಿಸಿದವನ ತಲೆಗೆ. ಅಚ್ಚಿನ ಖರ್ಚನ್ನು ಪೂರ್ತಿ ಮೊದಲೇ ಹಾಕಿ, ಗಿರಾಕಿಯನ್ನು ಆಮೇಲೆ ಹುಡುಕುವುದು ಸಣ್ಣ ಬಂಡವಾಳದವನಿಗೆ ಆಗದ ಮಾತು. ಇದಕ್ಕೆ ದೊರೆತ ಉಪಾಯವೇ ಮಾಸಪುಸ್ತಕ. ಮಾಸಿಕವನ್ನು ಅಂದು ಮಾಸಪುಸ್ತಕವೆಂದು ಕರೆಯುತ್ತಿದ್ದದ್ದರಲ್ಲೇ ಅದರ ಗುಟ್ಟಿದೆ: ಅದು ತಿಂಗಳಿಗಿಷ್ಟು ಹಾಳೆಯಂತೆ ಬರುವ ಪುಸ್ತಕ. ಬಂಕಿಮಚಂದ್ರರು 1872ರಲ್ಲಿ ‘ಬಂಗದರ್ಶನ’ ಆರಂಭಿಸಿ ‘ವಿಷವೃಕ್ಷ’ವನ್ನು ಅದರಲ್ಲೇ ಕಂತಾಗಿ ಕೊಟ್ಟರು, ಮೈಸೂರಿನಲ್ಲಿ 1892ರಲ್ಲಿ ಹೊರಟ ‘ಕರ್ಣಾಟಕ ಕಾವ್ಯಮಂಜರಿ’ ಹಳೆಯ ಕಾವ್ಯಗಳನ್ನು ಇದೇ ರೀತಿ ಬಿಡಿಬಿಡಿಯಾಗಿ ಹೊರತಂದಿತು. ಸದ್ಬೋಧಚಂದ್ರಿಕೆ ಕಾದಂಬರಿಗೆ ಈ ಅಚ್ಚನ್ನೇ ಬಳಸಿತು. ವರ್ಷದ ವರ್ಗಣಿ ಮೊದಲೇ ಕೈಗೆ ಬರುತ್ತದೆ. ಪತ್ರಿಕೆಗೆ ಟಪಾಲಿನ ದರದಲ್ಲಿ ರಿಯಾಯಿತಿ ಇದೆ. ಕಥೆ ಕುತೂಹಲದ ತುದಿಯಲ್ಲಿ ನಿಂತರೆ ವರ್ಗಣಿದಾರ ಮುಂದಿನ ಸಂಚಿಕೆಗೆ ಕಾಯುತ್ತಾನೆ. ಕಥೆ ಮುಗಿದಾಗ ಅದನ್ನು ಬಿಡಿ ಪುಸ್ತಕವಾಗಿ ಮಾಡಿದರೆ ಅದರ ಸುದ್ದಿ ಆಗಲೇ ಊರೂರಿಗೆ ಮುಟ್ಟಿರುತ್ತದೆ. ಇಲ್ಲಿಗೆ ಬಂದರೆ ಪತ್ರಿಕೆಯಲ್ಲಿ ಜಾಹೀರಾತು ಎಲ್ಲಿತ್ತು ಎಂದು ಹುಡುಕುವುದೇ ತಪ್ಪು ದಾರಿ. ಕೊನೆಯ ಹಾಳೆಯ ಪುಸ್ತಕಪಟ್ಟಿ ಜಾಹೀರಾತಿನ ಬಾಲ ಮಾತ್ರ. ಅದರ ಮೈಯೆಂದರೆ ನಡುವಿನ ಕಂತು.

ಹಾಗಿದ್ದರೆ, ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ಏಕೆ ತಿರುಗಿದರು? ಇದು ನನ್ನ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪ. ಅವರ ಹೆಸರು ಹೇಳಿದರೆ ಈ ಕಡೆಯ ಜನ ಇಂದಿಗೂ ಮೊದಲು ನೆನೆಯುವುದು ಆ ಹೊರೆಯನ್ನೇ. ಪತ್ರಿಕೆಯ ಜಾಹೀರಾತು ಕೆಲಸ ಮಾಡಿದ್ದರೆ ಲೇಖಕನೇ ಬಾಗಿಲು ತಟ್ಟುವ ಪಾಳಿ ಬರುತ್ತಿತ್ತೇ? ಈ ಚಿತ್ರವನ್ನು ನಾವು ಬಡ ಲೇಖಕನ ಸಂಕಟವೆಂದಷ್ಟೇ ನೋಡುತ್ತ ಬಂದಿದ್ದೇವೆ. ಅದರಲ್ಲಿ ಸಂಕಟ ಇತ್ತೆಂಬುದೂ ನಿಜ. ಆದರೆ ಆ ಊರುಗಳಿಗೆ ಹೊರೆಯ ಮೊದಲು ಮುಟ್ಟಿದ್ದದ್ದು ಏನು? ಸದ್ಬೋಧಚಂದ್ರಿಕೆ, ಆಮೇಲೆ ಹಾವೇರಿಯಿಂದ ಅವರು ಹೊರಡಿಸಿದ ‘ಸದ್ಗುರು’. ಬಾಗಿಲಲ್ಲಿ ನಿಂತವರು ಯಾರೋ ಫೇರಿವಾಲ ಅಲ್ಲ, ಪತ್ರಿಕೆಯಲ್ಲಿ ಹೆಸರು ಓದಿದ್ದ ಗಳಗನಾಥರು. ಪರಿಚಯವಿಲ್ಲದವನ ಹೊರೆ ಅಂಗಳದಲ್ಲೇ ಉಳಿಯುತ್ತದೆ, ಹೆಸರುವಾಸಿಯಾದವನ ಹೊರೆ ಪಡಸಾಲೆಗೆ ಬರುತ್ತದೆ. ಮೇಲಾಗಿ ಕಥೆಯನ್ನು ಬಾಗಿಲಿಗೆ ತರುವುದು ಈ ನಾಡಿಗೆ ಹೊಸದಲ್ಲ. ಕೀರ್ತನಕಾರ, ಪುರಾಣಿಕ, ಗೊಂದಲಿಗ ಎಲ್ಲರೂ ತಾವೇ ನಡೆದು ಬಂದು ಕಥೆ ಹೇಳಿದವರು. ಪತ್ರಿಕೆಯ ಹಾಳೆಯನ್ನು ತಾವೇ ಓದಲಾರದ ಮನೆಗಳಲ್ಲಿ ಒಬ್ಬರು ಓದಿ ಹತ್ತು ಜನ ಕೇಳುವ ರೂಢಿಯಿತ್ತು. ಅಂಥ ಮನೆಗೆ ಜಾಹೀರಾತಿನ ಕೊನೆಯ ಗೆರೆ ಅಕ್ಷರದಲ್ಲಿ ಬರುವುದಿಲ್ಲ, ಮನುಷ್ಯನಾಗಿಯೇ ಬರಬೇಕು. ಹೊರೆ ಜಾಹೀರಾತಿನ ಸೋಲನ್ನು ತೋರಿಸುವುದಿಲ್ಲ. ಟಪಾಲು ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಮುಂದಿನ ದಾರಿಯನ್ನು ತೋರಿಸುತ್ತದೆ.

ಇನ್ನೊಂದು ಆಕ್ಷೇಪ ಹಣದ ಲೆಕ್ಕ ಬಲ್ಲವರದು. ಆ ಕಾಲದಲ್ಲಿ ಕನ್ನಡ ಪುಸ್ತಕದ ದೊಡ್ಡ ಗಿರಾಕಿ ವಿದ್ಯಾ ಇಲಾಖೆ. ಶಾಲೆಗೆ ಒಪ್ಪಿಗೆಯಾದರೆ ಸಾವಿರಾರು ಪ್ರತಿ ಹೋದಾವು, ಇಲ್ಲದಿದ್ದರೆ ಕೆಲವು ನೂರು. ಹೀಗಿರುವಾಗ ಪತ್ರಿಕೆಯ ಜಾಹೀರಾತಿಗೆ ಇಷ್ಟು ತೂಕ ಏಕೆ? ಪಠ್ಯಕ್ಕೆ, ವ್ಯಾಕರಣಕ್ಕೆ, ಭೂಗೋಳಕ್ಕೆ ಈ ಮಾತು ನಿಸ್ಸಂದೇಹವಾಗಿ ಸಲ್ಲುತ್ತದೆ. ಆದರೆ ಕಾದಂಬರಿ ಆ ಬಾಗಿಲಿನಿಂದ ಸುಲಭವಾಗಿ ಹೋಗುವ ಸರಕಲ್ಲ. ವಿಧವೆಯ ಮರುಮದುವೆಯ ಕಥೆಯನ್ನಾಗಲಿ, ಪ್ರೇಮದ ಕಥೆಯನ್ನಾಗಲಿ ಪಾಠದ ಪಟ್ಟಿಗೆ ಸೇರಿಸುವ ಶಾಲೆ ಯಾವುದು? ಇಲಾಖೆ ಕೈಹಿಡಿಯದ ಪುಸ್ತಕಕ್ಕೆ ಮನೆಗಳನ್ನು ಒಂದೊಂದಾಗಿ ಗೆಲ್ಲದೆ ಬೇರೆ ಗತಿಯಿರಲಿಲ್ಲ. ಈ ಕಾರಣದಿಂದಲೇ ಕಾದಂಬರಿಯ ಜಾಹೀರಾತು ಬೇರೆ ಪುಸ್ತಕಗಳ ಜಾಹೀರಾತಿಗಿಂತ ಹೆಚ್ಚು ಶ್ರಮಪಡಬೇಕಾಯಿತು, ಹೆಚ್ಚು ಕಲಿಯಿತು. ಇನ್ನು ಸಂಘದ ಬಹುಮಾನ, ಗುರುವಿನ ಕೃಪೆ ಇವೆಲ್ಲ ಹಳೆಯ ಕಾಲದ ಆಶ್ರಯವೇ ಹೊರತು ಮಾರುಕಟ್ಟೆಯಲ್ಲ ಎನ್ನುವವರಿಗೆ ಒಂದು ಮಾತು. ಅರಸನ ಆಶ್ರಯ ಸಿಕ್ಕ ಕವಿಗೆ ಓದುಗನ ಹಣ ಬೇಕಿರಲಿಲ್ಲ. ಇಲ್ಲಿ ಸಂಘದ ಮುದ್ರೆ ಬೇಕಾದದ್ದು ಓದುಗನ ಹಣ ಬರಲೆಂದೇ. ಆಶ್ರಯ ಸಂಬಳವಾಗಿ ಬಂದರೆ ಅದು ಹಳೆಯ ಪದ್ಧತಿ. ಶಿಫಾರಸಾಗಿ ಬಂದರೆ ಅದು ಜಾಹೀರಾತು.

ಎಲ್ಲ ಕಡೆಯಿಂದ ನೋಡಿದರೂ ಒಂದು ಮಿತಿಯನ್ನು ಒಪ್ಪಲೇಬೇಕು. ಅಂಜಿಕೆ ಕಳೆಯುವ ಜಾಹೀರಾತು ಕಾದಂಬರಿಯನ್ನೂ ತನ್ನ ಅಳತೆಗೆ ಕತ್ತರಿಸಿತು. ಬೋಧನೆಯ ಹೆಸರಿನಲ್ಲಿ ಒಳಗೆ ಬಂದ ಕಥೆ ಒಳಗೆ ಬಂದ ಮೇಲೂ ಬೋಧಿಸುತ್ತಲೇ ಇರಬೇಕಾಯಿತು. ಕನ್ನಡಿಗರ ಅಭಿಮಾನದ ಮೇಲೆ ಮಾರಾಟವಾದ ಕಥೆ ವಿಜಯನಗರದ ಸುತ್ತಲೇ ಬಹಳ ಕಾಲ ತಿರುಗಿತು. ಕಂತಿಗಾಗಿ ಬರೆದದ್ದು ಕಂತಿಗೊಂದು ಆಪತ್ತು, ಕಂತಿಗೊಂದು ಪಾರಾಗುವಿಕೆ ಎಂದು ನಡೆಯಿತು. ಸೀದಾ ಮಂಗಳೂರಿನಲ್ಲಿ ಒಮ್ಮೆಗೇ ಪುಸ್ತಕವಾಗಿ ಹೊರಬಿದ್ದ ಇಂದಿರಾಬಾಯಿಯ ಕಟುವ್ಯಂಗ್ಯವನ್ನು ಉತ್ತರದ ಮಾಸಪುಸ್ತಕಗಳ ಕಾದಂಬರಿಗಳಲ್ಲಿ ಕಾಣುವುದು ಅಪರೂಪ. ಮಂಗಳೂರಿಗೆ ರೈಲು ಮುಟ್ಟಿದ್ದೇ 1907ರಲ್ಲಿ. ಆ ಪುಸ್ತಕ ಘಟ್ಟ ಹತ್ತಿ ಈ ಕಡೆಯ ಮನೆಗಳಿಗೆ ಬರುವುದು ಮೊದಲೇ ಕಷ್ಟ. ಬಂದಿದ್ದರೂ ವರ್ಗಣಿದಾರನನ್ನು ವರ್ಷದ ಕೊನೆಯವರೆಗೆ ಸಿಟ್ಟಿಗೆಬ್ಬಿಸದೆ ಉಳಿಸಿಕೊಳ್ಳಬೇಕಾದ ಪತ್ರಿಕೆಗೆ ಅಂಥ ವ್ಯಂಗ್ಯ ದುಬಾರಿ. ಜಾಹೀರಾತು ಕೊಟ್ಟ ಮಾತನ್ನು ಪುಸ್ತಕ ನಡೆಸಿಕೊಡಬೇಕಾಗುತ್ತದೆ. ಮಾರುವ ರೀತಿ ಬರೆಯುವ ರೀತಿಯ ಮೇಲೆ ಹಾಕುವ ತೆರಿಗೆ ಅದು.

ಆ ತೆರಿಗೆ ಕಟ್ಟಿ ನಾಡು ಪಡೆದದ್ದೇನು ಎಂಬುದಕ್ಕೆ ಉತ್ತರ ಸಿಗಲು 1933ರವರೆಗೆ ಬರಬೇಕು. ಆ ವರ್ಷ ಧಾರವಾಡದಲ್ಲಿ ಆರಂಭವಾಗಿ ಜಿ. ಬಿ. ಜೋಶಿಯವರ ಕೈಯಲ್ಲಿ ಬೆಳೆದ ಮನೋಹರ ಗ್ರಂಥಮಾಲೆ ಪುಸ್ತಕಗಳನ್ನು ಬಿಡಿಬಿಡಿಯಾಗಿ ಮಾರುವುದಕ್ಕಿಂತ ವರ್ಷದ ಚಂದಾದಾರರನ್ನು ನೆಚ್ಚಿತು. ಹುಬ್ಬಳ್ಳಿಯಲ್ಲಿ ಹುಟ್ಟಿದ ಸಾಹಿತ್ಯ ಭಂಡಾರ ಮುಂದೆ ಕಾದಂಬರಿಯನ್ನೇ ದೊಡ್ಡ ವ್ಯವಹಾರವಾಗಿ ಬೆಳೆಸಿತು. ಗ್ರಂಥಮಾಲೆಯ ಚಂದಾದಾರ ಮಾಡಿದ್ದನ್ನು ಒಮ್ಮೆ ಯೋಚಿಸಿ. ಅವನು ಹಣ ಕಟ್ಟುವಾಗ ಆ ವರ್ಷದ ಪುಸ್ತಕಗಳು ಅವನ ಕಣ್ಣ ಮುಂದಿಲ್ಲ. ಕೆಲವು ಇನ್ನೂ ಅಚ್ಚಾಗಿಲ್ಲ. ಮನೆಮಂದಿ ಕೆಟ್ಟಾರು ಎಂಬ ಅಂಜಿಕೆ ಅವನಿಗಿಲ್ಲ, ಕನ್ನಡದಲ್ಲೇನಿದೆ ಎಂಬ ಅನುಮಾನವಿಲ್ಲ, ಟಪಾಲಿನಲ್ಲಿ ಬರುತ್ತದೋ ಇಲ್ಲವೋ ಎಂಬ ಗುಮಾನಿಯೂ ಇಲ್ಲ. ಅವನ ಅಜ್ಜನಿಗೆ ‘ಸದ್ಧರ್ಮ’ ಎಂಬ ಮಾತು, ಸಂಘದ ಮುದ್ರೆ, ವ್ಹಿ.ಪಿ.ಯ ಗೆರೆ ಇವೆಲ್ಲ ಬೇಕಾಗಿದ್ದವು, ಅದೂ ಒಂದೇ ಒಂದು ಪುಸ್ತಕಕ್ಕೆ. ಇವನು ಹೆಸರನ್ನೂ ಕೇಳದೆ ಇಡೀ ವರ್ಷದ ಓದಿಗೆ ಹಣ ಎಣಿಸಿಕೊಟ್ಟ. ಹತ್ತೊಂಬತ್ತನೆಯ ಶತಮಾನದ ಆ ಒಣ ಗೆರೆಗಳು ಎಷ್ಟು ಪುಸ್ತಕ ಮಾರಿದವೆಂಬ ಲೆಕ್ಕವನ್ನು ಅಂದಿನ ಗ್ಯಾಝೆಟ್ಟಿನ ಪಟ್ಟಿಗಳಲ್ಲಿ ಹುಡುಕುವುದಕ್ಕಿಂತ ಈ ಚಂದಾದಾರನ ನಿಶ್ಚಿಂತೆಯಲ್ಲಿ ಹುಡುಕುವುದು ಲೇಸು.